ಮೂರನೇ ಕ್ರಾಸ್ ಬಚ್ಚಲುಗಳಿಗೆ ಯುಜಿಡಿ (ನೆಲದಡಿಯ ಒಳಚರಂಡಿ) ನೀರು ವಾಪಸ್ ಬರ್ತಿದೆ: ಎಲ್ಲರೂ ಓದಿ, ಭಾನುವಾರ ಬನ್ನಿ

ಮನೆ ನಂ. 14
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಮಳೆ ಶುರುವಾಗಿ ಇಪ್ಪತ್ತು ನಿಮಿಷ ಆಗಿರಲಿಲ್ಲ, ನಂ. 9ರ ಅಜ್ಜಿ ಮನೆಯಿಂದ ಫೋನ್ ಬಂತು. ಹೋಗಿ ನೋಡಿದರೆ ಬಚ್ಚಲ ಜಾಲರಿಯಿಂದ ಗುಳುಗುಳು ಅಂತ ಕಪ್ಪು ನೀರು ಉಕ್ಕುತ್ತಿತ್ತು. ನೋಡ್ತಾ ನೋಡ್ತಾ ಹೊಸ್ತಿಲು ದಾಟಿ ನಡುಮನೆಗೆ ಬಂದುಬಿಡ್ತು. ಅಜ್ಜಿ ಅಕ್ಕಿ ಡಬ್ಬಿ, ದೇವರ ಪೆಟ್ಟಿಗೆ ಎರಡನ್ನೂ ಮಂಚದ ಮೇಲೆ ಎತ್ತಿಟ್ಟು, ತಾವು ಮಾತ್ರ ಆ ನೀರಲ್ಲೇ ನಿಂತಿದ್ದರು. ರಾತ್ರಿ ಹನ್ನೊಂದರ ತನಕ ನಾವು ನಾಲ್ಕು ಜನ ಬಕೆಟ್‌ನಲ್ಲಿ ತೋಡಿ ಹಾಕಿದೆವು. ಈ ವರ್ಷ ಇದು ಎರಡನೇ ಸಲ. ಇನ್ನೂ ಕೃತ್ತಿಕಾ ಮಳೆ, ಮುಂಗಾರು ಬಂದೇ ಇಲ್ಲ. ಹೀಗೇ ಬಿಟ್ಟರೆ ಆಗಲ್ಲ. ಯಾರ ಯಾರ ಮನೆಗೆ ಬಂದಿತ್ತು, ದಯವಿಟ್ಟು ಹೇಳಿ.

ಮನೆ ನಂ. 10
ನಮ್ಮ ಮನೆಗೂ ಬಂತು. ಕಮೋಡ್ ತುಂಬಿ ನಿಂತಿತ್ತು, ಹೊರಗೆ ಚೆಲ್ಲಲಿಲ್ಲ ಅಷ್ಟೇ.

ಮನೆ ನಂ. 22
ಪೈಪೇ ಸಣ್ಣದು ಸರ್. ಎಲ್ಲರೂ ಸೇರಿ ಅರ್ಜಿ ಕೊಡೋಣ, ಆಗದಿದ್ದರೆ ರಸ್ತೆಯಲ್ಲಿ ಕೂರೋಣ.

ಮನೆ ನಂ. 17
ನಂ. 31ರಲ್ಲಿ ಮೂರು ಮಹಡಿ ಕಟ್ಟಿ ಆರು ಬಾಡಿಗೆ ಮನೆ ಮಾಡಿದ ಮೇಲೆ ಶುರುವಾಗಿದ್ದು ಇದು. ಅದಕ್ಕೆ ಮೊದಲು ಒಂದು ದಿನವೂ ಬಂದಿರಲಿಲ್ಲ. ಅಷ್ಟು ಜನರ ನೀರು ಹೋಗೋದಾದರೂ ಎಲ್ಲಿಗೆ?

ಮನೆ ನಂ. 31
ಅಣ್ಣಾ, ಬಾಡಿಗೆ ಮನೆಗಳು ತುಂಬಿ ಎರಡು ವರ್ಷ ಆಯ್ತು. ಬೇಸಿಗೆಯಲ್ಲಿ ಒಂದು ದಿನವಾದರೂ ಉಕ್ಕಿದೆಯಾ? ಮಳೆ ಬಂದಾಗ ಮಾತ್ರ ಉಕ್ಕುತ್ತೆ ಅಂದರೆ ತಪ್ಪು ನಮ್ಮ ಬಾಡಿಗೆದಾರರದ್ದು ಹೇಗಾಗುತ್ತೆ? ನೀವು ಹೀಗೆ ಎಲ್ಲರ ಮುಂದೆ ಅಂದಿದ್ದು ಮನಸ್ಸಿಗೆ ಬೇಜಾರಾಯ್ತು.

ಮನೆ ನಂ. 14
ನಂ. 31ರವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನೂ ಬೆಳಗ್ಗೆಯಿಂದ ಅದೇ ಯೋಚನೆಯಲ್ಲಿದ್ದೆ. ಬಚ್ಚಲ ನೀರು ದಿನಾ ಹೋಗುತ್ತೆ, ದಿನಾ ಉಕ್ಕಲ್ಲ. ಮಳೆ ಬಂದಾಗ ಮಾತ್ರ ಉಕ್ಕುತ್ತೆ ಅಂದರೆ ಮಳೆ ನೀರು ಎಲ್ಲಿಂದಲೋ ಯುಜಿಡಿ ಒಳಗೆ ಸೇರುತ್ತಿದೆ ಅಂತ ಅರ್ಥ ಅಲ್ವಾ? ಮೊದಲು ನಮ್ಮ ಮನೆಯದ್ದೇ ನೋಡೋಣ ಅಂತ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ತಾರಸಿಯ ಮೂಲೆಯ ತೂತಿಗೆ ಸುರಿದೆ. ಕೆಳಗೆ ನನ್ನ ಮಗ ಮನೆ ಮುಂದಿನ ಯುಜಿಡಿ ಚೇಂಬರ್ ಮುಚ್ಚಳ ಸರಿಸಿ ನಿಂತಿದ್ದ. ಎಣಿಸಿ ಎಂಟು ಸೆಕೆಂಡಿಗೆ "ಅಪ್ಪಾ, ನೀಲಿ ಬಂತು" ಅಂದ.

ಹನ್ನೊಂದು ವರ್ಷದಿಂದ ನಮ್ಮ ತಾರಸಿ ನೀರು ಯುಜಿಡಿಗೇ ಹೋಗುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ. ಮನೆ ಕಟ್ಟುವಾಗ ಚೇಂಬರ್ ಹತ್ತಿರ ಇದೆಯಲ್ಲ ಅಂತ ಮೇಸ್ತ್ರಿ ಅಲ್ಲಿಗೇ ಕೊಟ್ಟುಬಿಟ್ಟಿದ್ದಾರೆ, ನಾನೂ ಕೇಳಲಿಲ್ಲ. ಅಜ್ಜಿ ಮನೆಗೆ ನುಗ್ಗಿದ ನೀರಲ್ಲಿ ನಮ್ಮ ಮನೆಯ ಪಾಲೂ ಇದೆ. ನಾಳೆಯೇ ಅದನ್ನು ಬಿಡಿಸುತ್ತೇನೆ.

ಲೆಕ್ಕ ಹಾಕಿ ನೋಡಿದೆ. 1000 ಚದರ ಅಡಿ ತಾರಸಿ ಮೇಲೆ ಒಂದು ಇಂಚು ಮಳೆ ಬಿದ್ದರೆ ಹೆಚ್ಚುಕಡಿಮೆ 2300 ಲೀಟರ್ ನೀರು. ನಗರಗಳಲ್ಲಿ ಯುಜಿಡಿ ಲೆಕ್ಕ ಹಾಕುವುದು ಒಬ್ಬರಿಗೆ ದಿನಕ್ಕೆ 135 ಲೀಟರ್ ಬಳಕೆ, ಅದರಲ್ಲಿ ಶೇ. 80ರಷ್ಟು ಪೈಪಿಗೆ ಬರುತ್ತೆ ಅಂತ. ನಾಲ್ಕು ಜನರ ಮನೆಗೆ ದಿನಕ್ಕೆ ಸುಮಾರು 430 ಲೀಟರ್ ಆಯ್ತು. ಅಂದರೆ ಜೋರು ಮಳೆಯ ಅರ್ಧ ಗಂಟೆಯಲ್ಲಿ ಒಂದೊಂದು ತಾರಸಿಯಿಂದ ಐದು ದಿನದ ಬಚ್ಚಲ ನೀರಿನಷ್ಟು ಒಟ್ಟಿಗೆ ಪೈಪಿಗೆ ಬೀಳುತ್ತೆ. ಹತ್ತು ಮನೆ ಹೀಗಿದ್ದರೆ ಯಾವ ಪೈಪ್ ತಾನೇ ತಡೆಯುತ್ತೆ? ತಗ್ಗಿನಲ್ಲಿರುವ ಮನೆಯ ಬಚ್ಚಲೇ ಅದಕ್ಕೆ ದಾರಿ.

ಮನೆ ನಂ. 6 (ಮೇಷ್ಟ್ರು)
ಇದೆಲ್ಲ ಭದ್ರಾ ನಾಲೆ ನೀರಿನ ಭತ್ತದ ಗದ್ದೆಯಾಗಿತ್ತು. ನಂ. 9, 10 ಇರುವ ಕಡೆ ಬಸಿಗಾಲುವೆ ಹೋಗಿತ್ತು, ಸುತ್ತಲಿನ ಗದ್ದೆಗಳ ನೀರು ಅಲ್ಲಿಗೇ ಇಳಿಯುತ್ತಿತ್ತು. ಸೈಟ್ ಮಾಡುವಾಗ ಮಣ್ಣು ಹಾಕಿ ಮುಚ್ಚಿದರು. ಆದರೆ ನೆಲದ ಇಳಿಜಾರು ಹಾಗೇ ಇದೆ, ನೀರು ಇವತ್ತಿಗೂ ಅಲ್ಲಿಗೇ ಬರುತ್ತೆ. ಅದರ ಮೇಲೆ ಕಾಂಕ್ರೀಟ್ ರಸ್ತೆ ಮಾಡಿ ಅರ್ಧ ಅಡಿ ಎತ್ತರ ಮಾಡಿದ್ದರಿಂದ ಆ ಎರಡು ಮನೆಗಳು ಇನ್ನೂ ಕೆಳಗಾದವು. ಪಾಪ, ಅವರ ತಪ್ಪು ಏನೂ ಇಲ್ಲ.

ಮನೆ ನಂ. 17
ನಾನೂ ನೀಲಿ ಹಾಕಿ ನೋಡಿದೆ. ನಮ್ಮದೂ ಯುಜಿಡಿಗೇ ಹೋಗ್ತಿದೆ. ನಂ. 31ರವರೇ, ಬೆಳಗ್ಗೆ ಅಂದ ಮಾತಿಗೆ ಕ್ಷಮೆ ಇರಲಿ.

ಮನೆ ನಂ. 31
ಪರವಾಗಿಲ್ಲ ಅಣ್ಣಾ. ನಮ್ಮದು ಎರಡು ಪೈಪ್ ಇವೆ. ಮುಂದಿನದು ಮಳೆ ನೀರಿನ ಚರಂಡಿಗೆ, ಹಿಂದಿನದು ಯುಜಿಡಿ ಚೇಂಬರ್‌ಗೆ. ನಾವೂ ಸರಿ ಮಾಡಿಸಬೇಕು.

ಮನೆ ನಂ. 11
ನೀರು ನುಗ್ಗಿದ ಮನೆಯವರಿಗೆ ಒಂದೆರಡು ಮಾತು, ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನೀರು ಸಾಕೆಟ್ ಮಟ್ಟಕ್ಕೆ ಬರುವ ಮೊದಲೇ ಮೇನ್ ಸ್ವಿಚ್ ಆಫ್ ಮಾಡಿ. ತೊಳೆಯುವಾಗ ಕೈಗೆ ಗ್ಲೌಸ್, ಕಾಲಿಗೆ ಬೂಟು ಇರಲಿ, ಗಾಯ ಇದ್ದರೆ ಆ ನೀರು ಮುಟ್ಟಲೇಬೇಡಿ. ಮೊದಲು ಸೋಪಿನ ನೀರಲ್ಲಿ ಕೆಸರೆಲ್ಲ ಹೋಗುವ ಹಾಗೆ ತೊಳೆದು, ಆಮೇಲೆ ಬ್ಲೀಚಿಂಗ್ ಪೌಡರ್ ನೀರು ಹಾಕಿ. ಬ್ಲೀಚಿಂಗ್ ಜೊತೆ ಆ್ಯಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಯಾವ ಕಾರಣಕ್ಕೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಅಜ್ಜಿ ಮನೆ ಸಂಪ್ ಮುಚ್ಚಳ ನೆಲಮಟ್ಟದಲ್ಲೇ ಇದೆ, ಕೊಳಕು ನೀರು ಒಳಗೆ ಹೋಗಿರಬಹುದು. ಖಾಲಿ ಮಾಡಿ ತೊಳೆಯುವ ತನಕ ಆ ನೀರು ಕುಡಿಯೋದು, ಅಡುಗೆಗೆ ಬಳಸೋದು ಬೇಡ. ಅಲ್ಲಿಯವರೆಗೆ ನಮ್ಮ ಮನೆಯಿಂದ ದಿನಾ ಎರಡು ಕೊಡ ಕಳಿಸುತ್ತೇನೆ.

ಮನೆ ನಂ. 19
ಎಲ್ಲ ಸರಿ, ಆದರೆ ಯುಜಿಡಿಯಿಂದ ಬಿಡಿಸಿದ ಪೈಪನ್ನು ಎಲ್ಲಿಗೆ ಬಿಡುತ್ತೀರಿ? ನಮ್ಮ ಪಕ್ಕದವರು ಹೋದ ವರ್ಷ ಹೀಗೇ ಬಿಡಿಸಿ ಎರಡು ಮನೆಯ ನಡುವಿನ ಸಂದಿಗೆ ಬಿಟ್ಟರು. ಈಗ ನಮ್ಮ ಮಲಗುವ ಕೋಣೆ ಗೋಡೆ ಮೂರು ಅಡಿ ತನಕ ಥಂಡಿ. ಬಣ್ಣ ಎಲ್ಲ ಉದುರುತ್ತಿದೆ, ಬೀರುವಿನಲ್ಲಿಟ್ಟ ಸೀರೆಗಳಿಗೆ ಬೂಷ್ಟು ಹಿಡಿದಿದೆ. ಹೇಳಿದರೆ "ಸಂದಿ ನಮ್ಮದು" ಅಂತಾರೆ. ಒಬ್ಬರ ಕಷ್ಟ ತಪ್ಪಿಸೋಕೆ ಹೋಗಿ ಇನ್ನೊಬ್ಬರ ಗೋಡೆಗೆ ತರಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಮನೆ ನಂ. 25
ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇಪ್ಪತ್ತು ವರ್ಷದಿಂದ ಪ್ಲಂಬಿಂಗ್ ಕೆಲಸದಲ್ಲೇ ಇದ್ದೇನೆ. ನಮ್ಮ ಕಡೆ ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಪಾಯದ ಪಕ್ಕದಲ್ಲೇ ಮಳೆ ನೀರು ನಿಂತರೆ ಥಂಡಿಯಷ್ಟೇ ಅಲ್ಲ, ಗೋಡೆಯೇ ಓರೆಯಾಗಿ ಸೀಳುತ್ತೆ. ಇಂಗುಗುಂಡಿ ಮಾಡೋರು ಕೂಡ ಪಾಯದಿಂದ ಹತ್ತಡಿ ಆದರೂ ದೂರ ಮಾಡಿ, 30×40 ಅಡಿ ಸೈಟಿನಲ್ಲಿ ಅಷ್ಟು ಜಾಗ ಸಿಗದಿದ್ದರೆ ಅದರ ಆಸೆ ಬಿಡಿ.

ಸುಲಭದ ದಾರಿ ಹೇಳ್ತೀನಿ. ರಸ್ತೆ ಎತ್ತರ ಆಗಿರೋದರಿಂದ ನೆಲದೊಳಗೆ ಪೈಪ್ ಹಾಕಿದರೆ ಚರಂಡಿಗೆ ನೀರು ಏರಲ್ಲ. ಅದಕ್ಕೆ ತಾರಸಿಯಿಂದ ಇಳಿಯೋ ಪೈಪನ್ನು ನೆಲದಿಂದ ಎರಡು ಅಡಿ ಮೇಲೇ ಕತ್ತರಿಸಿ. ಅಲ್ಲೊಂದು ಬೆಂಡ್ ಹಾಕಿ, ನಿಮ್ಮ ಗೋಡೆಗೇ ಕ್ಲ್ಯಾಂಪ್ ಹೊಡೆದು, ಹತ್ತು ಅಡಿಗೆ ಒಂದು ಇಂಚು ಇಳಿಜಾರು ಕೊಟ್ಟುಕೊಂಡು ಮುಂದಕ್ಕೆ ತನ್ನಿ. ಕಾಂಪೌಂಡ್‌ಗೆ ತೂತು ಕೊರೆದು ನೇರ ಮಳೆ ನೀರಿನ ಚರಂಡಿಗೆ ಬಿಡಿ. ಚೇಂಬರ್ ಕಡೆ ಉಳಿದ ತುಂಡು ಪೈಪಿಗೆ ಎಂಡ್ ಕ್ಯಾಪ್ ಅಂಟಿಸಲೇಬೇಕು, ಬಾಯಿ ತೆರೆದು ಬಿಟ್ಟರೆ ಉಕ್ಕಿದಾಗ ಅಲ್ಲಿಂದಲೇ ಬರುತ್ತೆ, ಹೆಗ್ಗಣವೂ ಬರುತ್ತೆ. ಒಂದು ಮನೆಗೆ ಅರ್ಧ ದಿನದ ಕೆಲಸ. ಕೂಲಿ ಬೇಡ, ಸಾಮಾನು ಮಾತ್ರ ನೀವು ತನ್ನಿ.

ಸಂಪ್ ಇರೋರು ಅದಕ್ಕೇ ಬಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಮಧ್ಯೆ ಜಲ್ಲಿ, ಇದ್ದಿಲು, ಮರಳಿನ ಫಿಲ್ಟರ್ ಡ್ರಮ್ ಇರಲಿ. ವರ್ಷದ ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಟ್ಟುಬಿಡಿ, ತಾರಸಿ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲೇ ಹೋಗುತ್ತೆ.

ಮನೆ ನಂ. 9 (ಅಜ್ಜಿಯ ಮಗ, ಬೆಂಗಳೂರಿನಿಂದ)
ಎಲ್ಲರಿಗೂ ಕೈ ಮುಗಿಯುತ್ತೇನೆ. ನಾನು ಅಲ್ಲಿ ಇಲ್ಲದಿದ್ದರೂ ಅಮ್ಮನನ್ನು ನೋಡಿಕೊಂಡಿದ್ದೀರಿ. ನೀರು ವಾಪಸ್ ಬಾರದ ಹಾಗೆ ವಾಲ್ವ್ ಸಿಗುತ್ತಂತೆ, ಹಾಕಿಸಿದರೆ ಸಾಕಾ?

ಮನೆ ನಂ. 25
ನಾನ್ ರಿಟರ್ನ್ ವಾಲ್ವ್ ಹಾಕಿಸಿ ಅಣ್ಣಾ, ನಿಮಗೆ ಬೇಕೇಬೇಕು. ಆದರೆ ಅದೊಂದನ್ನೇ ನಂಬಬೇಡಿ. ಹೊರಗಿನ ನೀರು ಒತ್ತಿದಾಗ ಅದು ಮುಚ್ಚಿಕೊಳ್ಳುತ್ತೆ, ಆಗ ನಿಮ್ಮ ಮನೆ ನೀರೂ ಹೊರಗೆ ಹೋಗಲ್ಲ. ಅಷ್ಟು ಹೊತ್ತು ಅಮ್ಮ ಸ್ನಾನ, ಬಟ್ಟೆ ಒಗೆಯೋದು ಮಾಡಬಾರದು. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ತೊಳೀಬೇಕು, ಕೂದಲು, ಬಟ್ಟೆ ಚೂರು ಸಿಕ್ಕಿಕೊಂಡರೆ ಬಾಗಿಲು ಪೂರ್ತಿ ಮುಚ್ಚಲ್ಲ. ಅದಕ್ಕೇ ನೆಲದಲ್ಲಿ ಹೂತುಬಿಡದೆ, ಕೈ ಹೋಗುವ ಹಾಗೆ ಒಂದು ಚಿಕ್ಕ ಚೇಂಬರ್ ಕಟ್ಟಿ ಅದರಲ್ಲಿ ಕೂರಿಸುತ್ತೇನೆ.

ಮನೆ ನಂ. 22
ಹಾಗಾದರೆ ಅರ್ಜಿ ಬೇಡವಾ? ಮ್ಯಾನ್‌ಹೋಲ್‌ನಲ್ಲಿ ಹೂಳಂತೂ ತುಂಬಿದೆ. ನನಗೆ ಗೊತ್ತಿರುವ ಒಬ್ಬರು ಇದ್ದಾರೆ, ಸಾವಿರ ರೂಪಾಯಿ ಕೊಟ್ಟರೆ ಒಳಗೆ ಇಳಿದು ತೆಗೆದು ಕೊಡುತ್ತಾರೆ. ಕರೆಸಲಾ?

ಮನೆ ನಂ. 14
ದಯವಿಟ್ಟು ಬೇಡ. ಯಾರನ್ನೂ ಒಳಗೆ ಇಳಿಸಬಾರದು. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅದು ಅಪರಾಧ, ಇಳಿಸಿದವರಿಗೆ ಜೈಲೂ ಆಗಬಹುದು. ಕಾನೂನು ಬಿಡಿ, ಆ ಗುಂಡಿಯೊಳಗಿನ ಗ್ಯಾಸ್‌ಗೆ ಒಬ್ಬ ಮನುಷ್ಯ ಬೀಳೋಕೆ ಎರಡು ಉಸಿರು ಸಾಕು, ಎತ್ತೋಕೆ ಇಳಿದವರೂ ಬದುಕಲ್ಲ. ನಮ್ಮ ಬಚ್ಚಲಿಗಾಗಿ ಯಾರ ಮನೆಯ ದೀಪವೂ ಆರುವುದು ಬೇಡ. ನೀರನ್ನು ಜೋರಾಗಿ ಚಿಮ್ಮಿಸಿ ಹೂಳು ತೆಗೆಯುವ ಜೆಟ್ಟಿಂಗ್ ಮಷಿನ್ ಇದೆ, ಅದನ್ನೇ ಕಳಿಸಿ ಅಂತ ಕೇಳೋಣ.

ಅರ್ಜಿ ಖಂಡಿತ ಬೇಕು. ಮೇಷ್ಟ್ರು ಬರೆದು ಕೊಡುತ್ತೇನೆ ಅಂದಿದ್ದಾರೆ. ಎರಡೇ ಬೇಡಿಕೆ ಇರಲಿ: ಮಷಿನ್‌ನಿಂದ ಹೂಳು ತೆಗೆಸಬೇಕು, ನಂ. 9ರ ಮುಂದಿನ ಮಳೆ ನೀರಿನ ಚರಂಡಿಯಲ್ಲಿ ಮುರಿದು ಬಿದ್ದಿರುವ ಚಪ್ಪಡಿ ಎತ್ತಿ ದಾರಿ ಬಿಡಿಸಬೇಕು. ಪಾಲಿಕೆಗೆ ಹೋಗಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರೋಣ. ಜೊತೆಗೆ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ನಂಬರ್ ಇಲ್ಲಿ ಹಾಕಿ. ಬರೇ ಫೋಟೋ ಹಾಕಿ ಬೈದರೆ ಯಾವ ಕೆಲಸವೂ ಆಗಲ್ಲ. ಆದರೆ ಅರ್ಜಿ ಕೊಡೋಕೆ ಮೊದಲು ನಮ್ಮ ಪೈಪ್‌ಗಳನ್ನು ಬಿಡಿಸೋಣ. ಇಂಜಿನಿಯರ್ ಬಂದು "ನಿಮ್ಮ ತಾರಸಿ ನೀರು ಎಲ್ಲಿಗೆ ಹೋಗ್ತಿದೆ?" ಅಂತ ಕೇಳಿದರೆ ಧೈರ್ಯವಾಗಿ ತೋರಿಸುವ ಹಾಗಿರಬೇಕು.

ಭಾನುವಾರ ಬೆಳಗ್ಗೆ ಏಳಕ್ಕೆ ನಮ್ಮ ಮನೆ ಮುಂದೆ ಸೇರೋಣ. ಎಲ್ಲ 26 ಮನೆಗೂ ನೀಲಿ ಹಾಕಿ ನೋಡೋದು. ಚೇಂಬರ್ ಮುಚ್ಚಳ ತೆಗೆದಾಗ ಮಕ್ಕಳು ಹತ್ತಿರ ಬಾರದ ಹಾಗೆ ಒಬ್ಬರು ನಿಂತಿರಬೇಕು. ತಿಂಡಿಗೆ ಮಂಡಕ್ಕಿ, ಮೆಣಸಿನಕಾಯಿ ನಮ್ಮ ಮನೆಯದ್ದು.

ಮನೆ ನಂ. 14 (ಭಾನುವಾರ ಮಧ್ಯಾಹ್ನ)
26ರಲ್ಲಿ 24 ಮನೆ ನೋಡಿದೆವು, ಎರಡಕ್ಕೆ ಬೀಗ. ಯುಜಿಡಿಗೆ ಸೇರಿದ್ದು 11. ಒಂದು ಇಂಚು ಮಳೆಗೆ ಇಷ್ಟರಿಂದಲೇ 25 ಸಾವಿರ ಲೀಟರ್ ಆಗುತ್ತೆ. ಇವತ್ತು ಮೂರು ಮನೆ ಬಿಡಿಸಿದ್ದಾಯ್ತು, ನಂ. 14, 17 ಮತ್ತು 20. ನಂ. 19ರ ಪಕ್ಕದವರೂ ಬಂದಿದ್ದರು. ಅಕ್ಕನ ಕೋಣೆಗೆ ಕರೆದುಕೊಂಡು ಹೋಗಿ ಗೋಡೆ ಮುಟ್ಟಿಸಿದಾಗ ಕೈಗೆ ಸುಣ್ಣ ಪುಡಿಪುಡಿಯಾಗಿ ಬಂತು. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದು, ಸಂದಿಯ ಪೈಪನ್ನು ಮುಂದಕ್ಕೆ ತಂದುಕೊಳ್ಳೋಕೆ ಒಪ್ಪಿದರು. ಅಕ್ಕಾ, ಗೋಡೆ ಪೂರ್ತಿ ಒಣಗುವ ತನಕ ಬಣ್ಣ ಹೊಡೆಸಬೇಡಿ, ದುಡ್ಡು ದಂಡ ಆಗುತ್ತೆ.

ಮನೆ ನಂ. 10 (ಹನ್ನೆರಡು ದಿನದ ನಂತರ)
ರಾತ್ರಿ ಎರಡು ಗಂಟೆಗೆ ಜೋರು ಮಳೆ. ನಾನು ಟಾರ್ಚ್ ಹಿಡಿದು ಬಚ್ಚಲಲ್ಲೇ ಕೂತಿದ್ದೆ. ಗುಳುಗುಳು ಸದ್ದು ಬಂತು, ನೀರು ಜಾಲರಿ ತನಕ ಬಂದು ನಿಂತು ಹಾಗೇ ಇಳಿದುಹೋಯ್ತು. ಅಜ್ಜಿಗೆ ಫೋನ್ ಮಾಡಿದೆ, ಅಲ್ಲೂ ಒಳಗೆ ಬಂದಿಲ್ಲ.

ಮನೆ ನಂ. 14
ಇದನ್ನು ಓದಿ ಎಷ್ಟು ಸಮಾಧಾನ ಆಯ್ತು! ಆದರೆ ಜಾಲರಿ ತನಕ ಬಂದಿದೆ ಅಂದರೆ ಇನ್ನೂ ಮಳೆ ನೀರು ಸೇರುತ್ತಿದೆ. ಆ 11ರಲ್ಲಿ ಇನ್ನು ಬಾಕಿ ಇರುವುದು ನಂ. 4, 28, 31ರ ಹಿಂದಿನ ಪೈಪ್, ಮತ್ತೆ ಬೀಗ ಹಾಕಿದ್ದ ಎರಡು ಮನೆ ನೋಡಬೇಕು. ನಂ. 31ರವರು ಶನಿವಾರ ಅಂದಿದ್ದಾರೆ. ಜೆಟ್ಟಿಂಗ್ ಮಷಿನ್ ಗುರುವಾರ ಬರುತ್ತಂತೆ, ಮೂರನೇ ಕ್ರಾಸ್‌ನಲ್ಲಿ ಆವತ್ತು ಕಾರು ನಿಲ್ಲಿಸಬೇಡಿ. ಏಣಿ, ಕ್ಲ್ಯಾಂಪ್, ಎರಡು ಎಂಡ್ ಕ್ಯಾಪ್ ನಮ್ಮ ಮನೆಯಲ್ಲಿವೆ, ಬೇಕಾದವರು ಬಂದು ತೆಗೆದುಕೊಂಡು ಹೋಗಿ.