ಅಪ್‌ಡೇಟ್: ಮುಂದೆ ಸಮ್ಮರ್, ಹಿಂದೆ ಆಲ್-ಸೀಸನ್ ಟೈರ್ ಪ್ರಶ್ನೆ

ಕಾರು ಮಸ್ಟಾಂಗ್ ಜಿಟಿ, ಊರು ಅಮೆರಿಕದ ಮಿಶಿಗನ್, ಚಳಿಗಾಲದಲ್ಲಿ ಹಿಮ ಬೀಳುವ ಜಾಗ. ಹಿಂದಿನ ಸಮ್ಮರ್ ಟೈರ್ (ಬೇಸಿಗೆಗೆಂದೇ ಮಾಡಿದವು) ಪೂರ್ತಿ ಸವೆದಿವೆ, ಮುಂದಿನವು ಇನ್ನೂ ಚೆನ್ನಾಗಿವೆ, ಹಿಂದಕ್ಕೆ ಮಾತ್ರ ಆಲ್-ಸೀಸನ್ (ವರ್ಷಪೂರ್ತಿ ಬಳಸುವ ಟೈರ್) ಹಾಕಿಸಬಹುದಾ ಅಂತ ಇಲ್ಲಿ ಕೇಳಿದ್ದೆ.

ಕೊನೆಗೆ ನಾಲ್ಕೂ ಒಂದೇ ಮಾಡೆಲ್ ಆಲ್-ಸೀಸನ್ ಹಾಕಿಸಿದೆ. ಎರಡು ಥರದ ಟೈರ್ ಬೆರೆಸೋದು ಬೇಡ ಅಂದವರಿಗೆಲ್ಲ ಥ್ಯಾಂಕ್ಸ್. ಅಂಗಡಿಯವರು ಎರಡೇ ಸಾಕು ಅಂದಿದ್ದರು!

ನನಗೆ ಹಿಡಿಸಿದ ವಾದ ಇದು. ಬೇಸಿಗೆಯಲ್ಲಿ ಮುಂದಿನ ಸಮ್ಮರ್ ಟೈರ್‌ಗೆ ಹಿಡಿತ ಜಾಸ್ತಿ. ಹಾಗಾಗಿ ತಿರುವಿನಲ್ಲಿ ಆಲ್-ಸೀಸನ್ ಇರುವ ಹಿಂಭಾಗ ಮೊದಲು ಜಾರುತ್ತದೆ. ಇದು ಹಿಂದಿನ ಚಕ್ರಕ್ಕೆ ಪವರ್ ಹೋಗುವ ಕಾರು ಬೇರೆ, ಆಕ್ಸಿಲರೇಟರ್ ಸ್ವಲ್ಪ ಜೋರಾಗಿ ಒತ್ತಿದರೆ ಗಿರ್ರಂತ ತಿರುಗಿಬಿಡಬಹುದು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಎಲ್ಲ ಉಲ್ಟಾ. ಸಮ್ಮರ್ ರಬ್ಬರ್ ಗಡುಸಾಗುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಬ್ರೇಕ್ ಒತ್ತಿದಾಗ ಹೆಚ್ಚು ಭಾರ ಬೀಳುವುದೂ ಮುಂದಿನ ಚಕ್ರಗಳ ಮೇಲೇ ಅಲ್ವಾ? ಕಾರು ಜಾರದಂತೆ ನೋಡಿಕೊಳ್ಳುವ ಸ್ಟೆಬಿಲಿಟಿ ಕಂಟ್ರೋಲ್ ಇದೆ ನಿಜ, ಆದರೆ ಟೈರ್‌ನಲ್ಲಿ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರುತ್ತದೆ?

ಹೊಸ ಟೈರ್‌ನಲ್ಲಿ ಸ್ಟೀರಿಂಗ್ ಚುರುಕು ಸ್ವಲ್ಪ ಕಡಿಮೆ ಅನಿಸುತ್ತಿದೆ. ಪರವಾಗಿಲ್ಲ. ಹಿಮ ಜಾಸ್ತಿ ಬಿದ್ದ ದಿನ ಹೆಂಡತಿಯ ಕಾರೇ ಗತಿ, ಅದಕ್ಕೆ ವಿಂಟರ್ ಟೈರ್ ಇದೆ. ಹಳೆಯ ಮುಂದಿನ ಜೋಡಿಯನ್ನು ಮಾರಾಟಕ್ಕೆ ಇಟ್ಟಿದ್ದೇನೆ.