ಎಂ25 ಕ್ಯೂಬ್‌ಗಳು 28 ದಿನಕ್ಕೂ ಬಲ ತೋರುತ್ತಿಲ್ಲ, ದಯವಿಟ್ಟು ಕಾರಣ ತಿಳಿಸಿ

ಸಾಗರದ_ಮನೆ: ನೆಲಮಹಡಿಯ ಕಂಬಗಳಿಗೆ ಹಾಕಿದ ಎಂ25 (28 ದಿನಕ್ಕೆ ಚದರ ಮಿಮೀಗೆ 25 ನ್ಯೂಟನ್ ಬಲ ಬರಬೇಕಾದ) ಕಾಂಕ್ರೀಟಿನ ಮೂರು ಕ್ಯೂಬ್‌ಗಳು, ಅಂದರೆ ಪರೀಕ್ಷೆಯ ಅಚ್ಚುಗಳು, 28ನೆಯ ದಿನ 21.2, 19.8 ಮತ್ತು 20.6ಕ್ಕೆ ಒಡೆದಿವೆ. ಪ್ರಯೋಗಾಲಯದವರು ಕೊಟ್ಟ ಮಿಶ್ರಣವನ್ನು ಸ್ವಲ್ಪವೂ ಬದಲಿಸಿಲ್ಲ: ಘನಮೀಟರಿಗೆ ಸಿಮೆಂಟ್ 340 ಕೆಜಿ, ನೀರು 170 ಲೀಟರ್, ಎಂ ಸ್ಯಾಂಡ್ 740 ಕೆಜಿ, 20 ಮತ್ತು 12 ಮಿಮೀ ಜಲ್ಲಿ ಒಟ್ಟು 1150 ಕೆಜಿ, ಜೊತೆಗೆ ಕಡಿಮೆ ನೀರಿನಲ್ಲೂ ಕಾಂಕ್ರೀಟ್ ಹರಿಯುವಂತೆ ಮಾಡುವ ಸೂಪರ್ ಪ್ಲಾಸ್ಟಿಸೈಜರ್. ಮುಂದಿನ ವಾರ ಮೋಲ್ಡ್ (ಛಾವಣಿ) ಹಾಕಬೇಕು, ಸೆಂಟ್ರಿಂಗ್ ಬಾಡಿಗೆ ದಿನವೂ ಏರುತ್ತಿದೆ. ಎಲ್ಲಿ ತಪ್ಪಿದೆನೆಂದು ಯಾರಾದರೂ ಹೇಳಿ.

ಒಪಿಸಿ_53: ಸಿಮೆಂಟ್ ಯಾವುದೆಂದೇ ನೀವು ಬರೆದಿಲ್ಲ. ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟ್) ಆಗಿದ್ದರೆ ಕಾರಣ ಅದೇ. ಅದರಲ್ಲಿರುವ ಹಾರುಬೂದಿ ನಿಧಾನವಾಗಿ ಬಲಗೊಳ್ಳುತ್ತದೆ, 56 ದಿನ ಕಾಯಿರಿ.

ಸಾಗರದ_ಮನೆ: ಪಿಪಿಸಿಯೇ. ಆದರೆ ಪ್ರಯೋಗಾಲಯದ ಟ್ರಯಲ್‌ನಲ್ಲಿ ಇದೇ ಸಿಮೆಂಟ್ 28 ದಿನಕ್ಕೆ 33 ಕೊಟ್ಟಿತ್ತು.

ಹೊಳೆಮರಳು: ಎಂ ಸ್ಯಾಂಡಿನ ಧೂಳನ್ನು ನೋಡಿ. ಹೊಳೆಯ ಮರಳು ಸಿಗುತ್ತಿದ್ದ ಕಾಲದಲ್ಲಿ ಇಂಥ ದೂರು ನಾನು ಕೇಳಿಯೇ ಇರಲಿಲ್ಲ.

ಮಿಲ್ಲರ್_ಹಾಸನ: ಎಲ್ಲದಕ್ಕೂ ಎಂ ಸ್ಯಾಂಡನ್ನು ದೂರುವುದು ಸರಿಯಲ್ಲ. ಕಲ್ಲು ಪುಡಿಮಾಡಿದ ಮರಳಿನಲ್ಲಿ 150 ಮೈಕ್ರಾನ್ ಜರಡಿಯಿಂದ ಇಳಿಯುವ ಪುಡಿ ಶೇ. 20ರವರೆಗೆ ಇರಬಹುದೆಂದು ಮರಳು-ಜಲ್ಲಿಯ ಭಾರತೀಯ ಮಾನಕ ಐಎಸ್ 383 ಒಪ್ಪುತ್ತದೆ. ಹೊಳೆಯ ಮರಳಿನಲ್ಲಿ ಜೇಡಿ ಇರುತ್ತಿರಲಿಲ್ಲವೇ? ನಾನು ಐದು ವರ್ಷಗಳಿಂದ ಎಂ ಸ್ಯಾಂಡನ್ನೇ ಹಾಕುತ್ತಿದ್ದೇನೆ, ತೂಕದ ಯಂತ್ರವಿರುವ ಮಿಲ್ಲರ್ (ಕಾಂಕ್ರೀಟ್ ಕಲಸುವ ಯಂತ್ರ) ತಂದ ಮೇಲೆ ನನ್ನ ಒಂದು ಕ್ಯೂಬ್ ಕೂಡ ಬಿದ್ದಿಲ್ಲ.

ಒಪಿಸಿ_53: ಚರ್ಚೆ ಮರಳಿಗೆ ಹೋಗುವುದು ಬೇಡ. ಮಲೆನಾಡಿನ ತೇವದಲ್ಲಿ ಮೂಟೆ ಕೂತರೆ ಸಿಮೆಂಟ್ ಸತ್ತಂತೆಯೇ, ಗಂಟು ಕಟ್ಟಿದೆಯೇ ನೋಡಿ. ಇಲ್ಲವಾದರೆ ಘನಮೀಟರಿಗೆ ಒಂದು ಮೂಟೆ ಹೆಚ್ಚು ಹಾಕಿಬಿಡಿ.

ಜಲ್ಲಿ_ಲೆಕ್ಕ: ಒಂದು ಮೂಟೆ ಹೆಚ್ಚು ಹಾಕುವುದು ಮಿಶ್ರಣ ವಿನ್ಯಾಸವಲ್ಲ. ಅದು ಖರ್ಚನ್ನೂ ಹೆಚ್ಚಿಸುತ್ತದೆ, ಬಿರುಕನ್ನೂ ತರುತ್ತದೆ. ಪಿಪಿಸಿಗೂ 28 ದಿನಕ್ಕೆ ಕನಿಷ್ಠ 33ರ ಬಲ ಇರಬೇಕೆಂಬ ನಿಯಮವಿರುವುದರಿಂದ 56 ದಿನದ ಮಾತೂ ನಿಲ್ಲುವುದಿಲ್ಲ. ಸಾಗರದವರೇ, ಎರಡು ಪ್ರಶ್ನೆಗಳಿಗೆ ಉತ್ತರಿಸಿ: ಕಂಬ ಹಾಕಿದ ದಿನ ಮಳೆ ಬಂದಿತ್ತೇ? ಮೂಟೆಗೆ ಎಷ್ಟು ನೀರು ಅಳೆದು ಹಾಕಿದಿರಿ?

ಸಾಗರದ_ಮನೆ: ಮೂರು ದಿನ ಬಿಡದೆ ಸುರಿದು ಆ ಬೆಳಿಗ್ಗೆಯಷ್ಟೇ ನಿಂತಿತ್ತು. ಮರಳಿನ ರಾಶಿಗೆ ಟಾರ್ಪಾಲ್ ಇರಲಿಲ್ಲ. ನೀರನ್ನು ಮಾತ್ರ ಮೂಟೆಗೆ ಸರಿಯಾಗಿ 25 ಲೀಟರ್ ನಾನೇ ನಿಂತು ಅಳೆಸಿದ್ದೇನೆ, ಆದ್ದರಿಂದ ಮಳೆಯ ವಿಷಯ ಮುಖ್ಯವೆನಿಸಲಿಲ್ಲ.

ಜಲ್ಲಿ_ಲೆಕ್ಕ: ಕಾರಣ ಅಲ್ಲೇ ಇದೆ. ವಿನ್ಯಾಸದಲ್ಲಿ ಬರೆದ 170 ಲೀಟರ್, ಒಳಗೆ ನೀರು ಕುಡಿದು ಮೇಲ್ಮೈ ಒಣಗಿರುವ ಮರಳು ಮತ್ತು ಜಲ್ಲಿಗೆ ಹೇಳಿದ್ದು. 50 ಕೆಜಿ ಸಿಮೆಂಟಿನ ಒಂದು ಮೂಟೆಗೆ ಸುಮಾರು 109 ಕೆಜಿ ಮರಳು ಬೀಳುತ್ತದೆ. ಅದರ ಮೇಲ್ಮೈಯಲ್ಲಿ ಶೇ. 5ರಷ್ಟು ನೀರಿದ್ದರೂ ಐದೂವರೆ ಲೀಟರ್, 169 ಕೆಜಿ ಜಲ್ಲಿಯಿಂದ ಇನ್ನೂ ಒಂದೂವರೆ. ನೀವು ಅಳೆದ 25ಕ್ಕೆ ಈ 7 ಸೇರಿ 32 ಲೀಟರ್ ಆಯಿತು, ನೀರು–ಸಿಮೆಂಟ್ ಅನುಪಾತ 0.50ರಿಂದ 0.64ಕ್ಕೆ ಹೋಯಿತು. ಎಂ25ಕ್ಕೆ ವಿನ್ಯಾಸದ ಗುರಿ, ಫಲಿತಾಂಶಗಳ ಏರಿಳಿತಕ್ಕೆಂದು 25ಕ್ಕೆ 1.65ರ 4 ಪಟ್ಟು ಸೇರಿಸಿದ 31.6. ಆ ಅನುಪಾತದಲ್ಲಿ ಅದು ಬರುವುದಿಲ್ಲ. ಬಲಕ್ಕಿಂತಲೂ ನನಗೆ ಕಳವಳವಾಗುವುದು ಬಾಳಿಕೆಯ ಬಗ್ಗೆ: ಸಾಧಾರಣ ತೇವದ ಪರಿಸರಕ್ಕೇ ಕಾಂಕ್ರೀಟಿನ ಮಾನಕ ಐಎಸ್ 456 ಗರಿಷ್ಠ 0.50 ಎನ್ನುವಾಗ, ನಿಮ್ಮ ಮಳೆಯಲ್ಲಿ 0.64ರ ಕಾಂಕ್ರೀಟಿನೊಳಗೆ ಕಬ್ಬಿಣ ಎಷ್ಟು ದಿನ ಸುರಕ್ಷಿತವಾಗಿದ್ದೀತು? ಒಂದು ಕೆಜಿ ಮರಳನ್ನು ಬಾಂಡ್ಲಿಯಲ್ಲಿ ಹುರಿದು ಮತ್ತೆ ತೂಗಿ ನೋಡಿ.

ಒಪಿಸಿ_53: ಅಷ್ಟು ನೀರಿದ್ದರೆ ಮೇಸ್ತ್ರಿಗೆ ಕಣ್ಣಿಗೇ ಕಾಣುತ್ತಿತ್ತು. ನಾನು ಈಗಲೂ ಸಿಮೆಂಟ್ ಎಂದೇ ಹೇಳುತ್ತೇನೆ.

ಸಾಗರದ_ಮನೆ: ಇವತ್ತು ರಾಶಿಯ ನಡುವಿನಿಂದ ಮರಳು ತೆಗೆದು ಅಡುಗೆಮನೆಯ ತಕ್ಕಡಿಯಲ್ಲಿ 1000 ಗ್ರಾಂ ತೂಗಿ ಬಾಂಡ್ಲಿಗೆ ಹಾಕಿದೆ. ಮೊದಲು ಉಂಡೆ ಉಂಡೆಯಾಗಿ ತಳಕ್ಕೆ ಅಂಟಿತ್ತು, ಹಬೆ ಏಳುತ್ತಾ ಹೋಗಿ ಕಾಲು ಗಂಟೆಯಲ್ಲಿ ಹಿಟ್ಟಿನಂತೆ ಉದುರತೊಡಗಿತು. ಮೇಲೆ ಹಿಡಿದ ಗಾಜು ಮಬ್ಬಾಗುವುದು ನಿಂತ ಮೇಲೆ ತೂಗಿದರೆ 922 ಗ್ರಾಂ, ಅಂದರೆ ಒಣಮರಳಿನ ಲೆಕ್ಕದಲ್ಲಿ ಶೇ. 8.5. ವರದಿಯಲ್ಲಿ ಹೀರಿಕೆ ಶೇ. 3 ಎಂದಿದೆ, ಉಳಿದ ಶೇ. 5.5 ಮೇಲ್ಮೈಯ ನೀರು. ಕಂಬ ಹಾಕಿದ ದಿನ ಇನ್ನೂ ಹೆಚ್ಚಿದ್ದಿರಬೇಕು. ಮೇಸ್ತ್ರಿಯ ಕಣ್ಣಿಗೆ ಕಾಂಕ್ರೀಟ್ ಚೆನ್ನಾಗಿ ಹರಿಯುತ್ತಿದೆ ಎಂದಷ್ಟೇ ಕಂಡಿತ್ತು, ನನಗೂ ಹಾಗೆಯೇ.

ಜಲ್ಲಿ_ಲೆಕ್ಕ: ಹಾಗಾದರೆ ಮೂಟೆಗೆ ಮರಳು 115 ಕೆಜಿ ತೂಗಿ, ನೀರನ್ನು ಹದಿನೇಳೂವರೆ ಲೀಟರಿಗೆ ಇಳಿಸಿ. ಕಾಂಕ್ರೀಟ್ ಹಾಕುವ ಪ್ರತಿ ಬೆಳಿಗ್ಗೆಯೂ ಹುರಿದು ನೋಡಿ, ನಿನ್ನೆಯ ಲೆಕ್ಕ ಇವತ್ತಿಗೆ ಬರುವುದಿಲ್ಲ. ಮೊದಲು ಮೂರು ಕ್ಯೂಬ್ ಹಾಕಿ 7ನೆಯ ದಿನದ ಫಲಿತಾಂಶ ನೋಡಿಕೊಂಡೇ ಮೋಲ್ಡ್ ಹಾಕಿ. ಕಂಬಗಳ ವಿಷಯವನ್ನು ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರಿಗೆ ಮುಚ್ಚಿಡದೆ ತಿಳಿಸಿ. ಕಂಬದಿಂದ ಕೋರ್ (ಪರೀಕ್ಷೆಗೆ ಕೊರೆದು ತೆಗೆಯುವ ಕಾಂಕ್ರೀಟಿನ ತುಂಡು) ತೆಗೆಸಿದರೆ ಅವುಗಳ ಬಲದ ಸರಾಸರಿ 25ರ ಶೇ. 85, ಅಂದರೆ 21.25 ಮುಟ್ಟಬೇಕು, ಯಾವ ಒಂದು ಕೋರ್ ಕೂಡ 18.75ಕ್ಕಿಂತ ಕೆಳಗಿಳಿಯಬಾರದು.

ಸಾಗರದ_ಮನೆ: ಹೊಸ ಕ್ಯೂಬ್‌ಗಳು 7ನೆಯ ದಿನಕ್ಕೇ ಸರಾಸರಿ 21.4 ಕೊಟ್ಟಿವೆ. ಎಂಜಿನಿಯರ್ ಕೋರ್ ತೆಗೆಯಲು ಹೇಳಿದ್ದಾರೆ. ಕಂಬ 9 ಇಂಚು ಅಗಲ, 16 ಮಿಮೀ ಕಂಬಿಗಳು ಮೂಲೆಗಳಲ್ಲಿವೆ, ರಿಂಗ್‌ಗಳ ಅಂತರ 6 ಇಂಚು. ಇಷ್ಟು ಇಕ್ಕಟ್ಟಿನಲ್ಲಿ ಕಂಬಿಗೆ ತಾಗದಂತೆ ಕೋರ್ ತೆಗೆಸಿದ ಅನುಭವ ಯಾರಿಗಾದರೂ ಇದ್ದರೆ, ಯಾವ ಎತ್ತರದಲ್ಲಿ ತೆಗೆಸಿದಿರಿ ಎಂದು ತಿಳಿಸಿ.