ಸಹಾಯ ಬೇಕು: ಹೂವಿನ ಕಣಿವೆಯ ಒಂದು ದಿನದ ನಡಿಗೆ

ಮಾನ್ಯ ಸದಸ್ಯರೇ,

ಉತ್ತರಾಖಂಡದ ಹೂವಿನ ಕಣಿವೆ ರಾಷ್ಟ್ರೀಯ ಉದ್ಯಾನಕ್ಕೆ ಆಗಸ್ಟ್ ಮೊದಲ ವಾರದಲ್ಲಿ ತಾಯಿಯವರೊಂದಿಗೆ ಹೋಗಬೇಕೆಂದಿರುವುದರಿಂದ, ಅಲ್ಲಿ ನಡೆದು ಬಂದವರ ಸಲಹೆಯನ್ನು ಕೋರುತ್ತಿದ್ದೇನೆ. ಉದ್ಯಾನದೊಳಗೆ ರಾತ್ರಿ ತಂಗಲು ಅನುಮತಿಯಿಲ್ಲದ ಕಾರಣ ಉದ್ಯಾನಕ್ಕೆ ಹತ್ತಿರದ ಹಳ್ಳಿಯಾದ ಘಾಂಗರಿಯಾದಿಂದ ಬೆಳಿಗ್ಗೆ ಹೊರಟು ಅದೇ ದಿನ ಹಿಂದಿರುಗಲೇಬೇಕು. ಆದ್ದರಿಂದ ಪುಷ್ಪಾವತಿ ನದಿಯ ಸೇತುವೆ ದಾಟಿದ ಮೇಲಿನ ಕಲ್ಲುಹಾದಿಯ ಏರು, ಆರೋಗ್ಯವಾಗಿದ್ದರೂ ನಿಧಾನವಾಗಿ ನಡೆಯುವ ಅರವತ್ತು ದಾಟಿದವರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ತಿಳಿಯಬೇಕಾಗಿದೆ. ಕುದುರೆ, ಹೇಸರಗತ್ತೆಗಳಿಗೆ ಒಳಗೆ ಪ್ರವೇಶವಿಲ್ಲವಾದ್ದರಿಂದ, ಬೆನ್ನಬುಟ್ಟಿಯಲ್ಲಿ ಹೊತ್ತೊಯ್ಯುವವರನ್ನು ಆ ಏರಿಗಷ್ಟೇ ಗೊತ್ತುಮಾಡಿಕೊಳ್ಳಲು ಸಾಧ್ಯವೇ? ಮಳೆಗಾಲವೇ ಅಲ್ಲಿ ಹೂಗಾಲವಾದ್ದರಿಂದ ನೆನೆಯುವುದಕ್ಕೆ ಸಿದ್ಧರಿದ್ದೇವೆ. ಆದರೆ ಹಿಮಾಲಯದ ನೀಲಿ ಗಸಗಸೆ ಹೂವು (ತಾಯಿಯವರ ಹಟವೆಲ್ಲ ಅದಕ್ಕಾಗಿಯೇ) ಕಣಿವೆ ತೆರೆದುಕೊಳ್ಳುವ ಜಾಗದಲ್ಲೇ ಕಾಣುತ್ತದೆಯೇ, ಇಲ್ಲವೇ ಇನ್ನೂ ಮುಂದಕ್ಕೆ ನಡೆಯಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.